ಚುಕ್ಕಿಯ ಜಾಗದಲ್ಲಿ ಅಲ್ಪವಿರಾಮ

ತೆಲಸಂಗದ ಸಿದ್ದಲಿಂಗನ ತೋಟದಲ್ಲಿ ಯಾರೂ ನೆಡದ ಒಂದು ದ್ರಾಕ್ಷಿ ಬಳ್ಳಿಯಿತ್ತು. ಒಣದ್ರಾಕ್ಷಿ ಶೆಡ್ಡಿನ ಹಿಂದೆ, ಯಾರೋ ಉಗುಳಿದ ಬೀಜದಿಂದ ತಾನಾಗಿಯೇ ಹುಟ್ಟಿದ್ದು. ಕಿತ್ತೊಗೆಯಲು ಹೋದ ಸಿದ್ದಲಿಂಗನಿಗೆ ಯಾಕೋ ಕೈ ಏಳಲಿಲ್ಲ. ಒಂದು ವರ್ಷ ಅಕಾಲದ ಮಳೆಗೆ ಸುತ್ತಲ ತೋಟಗಳ ಹಣ್ಣೆಲ್ಲ ಒಡೆದು ಕೊಳೆತಾಗ ಆ ಬಳ್ಳಿಯ ಗೊಂಚಲು ಮಾತ್ರ ಹಾಗೇ ನಿಂತಿತು. ಅಂದಿನಿಂದ ಸಿದ್ದಲಿಂಗನಿಗೆ ಅದೇ ಧ್ಯಾನ. ಅದರ ಕಡ್ಡಿ ತಂದು ಕಸಿ ಕಟ್ಟಿದ, ಸತ್ತದ್ದನ್ನು ಕಿತ್ತು ಮತ್ತೆ ಕಟ್ಟಿದ. ವರ್ಷಗಟ್ಟಲೆ ಹೆಣಗಿ ಒಂದು ಸಾಲು ಎಬ್ಬಿಸಿದ. ತಳಿಗೆ ತನ್ನ ತಾಯಿ ಅಕ್ಕವ್ವನ ಹೆಸರಿಟ್ಟ.

ಅಥಣಿಯ ಆಸಿಫನಿಗೆ ಇದೆಲ್ಲ ಗೊತ್ತಿತ್ತು. ಅವನ ತಂದೆ ಶಮಶೇರ ಈ ತೋಟಕ್ಕೆ ಹಣ್ಣಿನ ಡಬ್ಬಿ ಒದಗಿಸುತ್ತಿದ್ದವರು. ಚಿಕ್ಕಂದಿನಿಂದ ಸಿದ್ದಲಿಂಗ ಅವನಿಗೆ ಅಣ್ಣನಂತೆ. ಕಂಪ್ಯೂಟರ್ ಓದಿ ಬಂದ ಆಸಿಫ ತೋಟಗಳ ನೀರಿನ ಯಂತ್ರಗಳಿಗೆ ಪ್ರೋಗ್ರಾಂ ಬರೆಯುತ್ತಿದ್ದ. ಹನಿ ನೀರಾವರಿಯ ಪೈಪಿನಲ್ಲಿ ಉಪ್ಪು ಕಟ್ಟಬಾರದೆಂದು ನೀರಿಗೆ ಚೂರು ಆಸಿಡ್ ಬೆರೆಸುತ್ತಾರೆ. ಪರದೇಶದ ಯಂತ್ರವೊಂದು ನೀರು ಪರೀಕ್ಷಿಸಿ, ಎಷ್ಟು ಲೀಟರ್ ಬೇಕೆಂದು ಸಂದೇಶದಲ್ಲಿ ಬರೆದು ಕಳಿಸುತ್ತಿತ್ತು. ಆಸಿಫನ ಪ್ರೋಗ್ರಾಂ ಅದನ್ನು ಅಂಕಿಯಾಗಿ ಓದಿ ಪಂಪಿಗೆ ಹೇಳುತ್ತಿತ್ತು.

ಆ ಬೇಸಿಗೆಯಲ್ಲಿ ಯಂತ್ರದೊಳಗಿನ ಎಲೆಕ್ಟ್ರಾನಿಕ್ ಫಲಕ ಸುಟ್ಟುಹೋಯಿತು. ಕಂಪನಿಯವನು ಬಂದು ಹೊಸದು ಕೂಡಿಸಿ ಹೋದ. ಅದೇ ವಾರ ಸಿದ್ದಲಿಂಗ ತಾಯಿಯ ಆಪರೇಷನ್‌ಗೆಂದು ಮಿರಜಿನ ದವಾಖಾನೆಯಲ್ಲಿದ್ದ. ಒಂದು ಮುಂಜಾನೆ ಅವನ ಹೆಂಡತಿ ರಾಜೇಶ್ವರಿ ಆಸಿಫನಿಗೆ ಫೋನು ಮಾಡಿದಳು.

"ಆಸಿಫ, ಆಸಿಡ್ ಡ್ರಮ್ಮು ಇಷ್ಟ ಲಗೂ ಖಾಲಿ ಆಗೈತಿ. ಶೆಡ್ಡಿನ ಕಡೆ ಎಲಿ ಎಲ್ಲಾ ಸುಟ್ಟಂಗ ಆಗ್ಯಾವ. ಸ್ವಲ್ಪ ಬಂದು ನೋಡಪಾ."

ಆಸಿಫ ಹೋಗಿ ನೀರು ನಿಲ್ಲಿಸಿ, ಯಂತ್ರ ಕಳಿಸಿದ್ದನ್ನು ಪರದೆಯ ಮೇಲೆ ತೆರೆದ. ಮೊದಲೆಲ್ಲ 1.5 ಎಂದಿತ್ತು. ಫಲಕ ಬದಲಾದ ದಿನದಿಂದ 1,5 ಎಂದಿತ್ತು.

ಯಂತ್ರದ್ದು ತಪ್ಪಿರಲಿಲ್ಲ. ಹೊಸ ಫಲಕ ತನ್ನ ನಾಡಿನ ರೂಢಿಯಂತೆ ಬರೆದಿತ್ತು. ನಾವು ಚುಕ್ಕಿ ಇಡುವಲ್ಲಿ ಅವರು ಅಲ್ಪವಿರಾಮ ಇಡುತ್ತಾರೆ. ನಮ್ಮ ಕಡೆ ಅಲ್ಪವಿರಾಮ ಸಾವಿರ, ಲಕ್ಷಗಳನ್ನು ಬಿಡಿಸಲು ಮಾತ್ರ. ಹಾಗಾಗಿ ಆಸಿಫ ಅದು ಎಲ್ಲಿ ಕಂಡರೂ ಅಳಿಸಿ ಓದುವಂತೆ ಬರೆದಿದ್ದ. ಒಂದೂವರೆ ಲೀಟರ್ ಹದಿನೈದಾಗಿತ್ತು. ಪ್ರೋಗ್ರಾಂ ಎಡವಿ ನಿಂತಿದ್ದರೆ ಪಂಪೂ ನಿಲ್ಲುತ್ತಿತ್ತು. ಹದಿನೈದೂ ಒಂದು ಸರಿಯಾದ ಅಂಕಿಯೇ ಆದ್ದರಿಂದ ಅದು ನಿಲ್ಲಲಿಲ್ಲ.

ಮರುದಿನ ಸಿದ್ದಲಿಂಗ ಬಂದ. ಬುಡದ ಮಣ್ಣು ಕೆದರಿ ಬೇರು ಹಿಡಿದರೆ ಸಿಪ್ಪೆ ಕೈಗೇ ಸುಲಿದು ಬಂತು. ಬೇರೆ ಭಾಗಕ್ಕೆ ನೀರು ಬಿಡುವ ಸರದಿ ಇನ್ನೂ ಬಂದಿರಲಿಲ್ಲ. ಹೋದದ್ದು ಶೆಡ್ಡಿನ ಕಡೆಯ ಅಕ್ಕವ್ವ ತಳಿಯ ಸಾಲು, ತಾನಾಗಿ ಹುಟ್ಟಿದ್ದ ತಾಯಿಬಳ್ಳಿಯೂ ಸೇರಿ. ಮತ್ತೆ ಕಸಿ ಕಟ್ಟಲು ಒಂದು ಹಸಿ ಕಡ್ಡಿಯೂ ಉಳಿದಿರಲಿಲ್ಲ.

"ಸಿದ್ದಣ್ಣ, ತಪ್ಪು ನಂದು," ಎಂದು ಆಸಿಫ ಚುಕ್ಕಿಯ ಕತೆಯನ್ನೆಲ್ಲ ಹೇಳಿದ. ಸಿದ್ದಲಿಂಗ ಮಣ್ಣಿನಲ್ಲೇ ಕುಳಿತು ಕೇಳಿದ.

"ಇಷ್ಟಕ್ಕ?" ಎಂದ ಕೊನೆಗೆ.

"ಕಡ್ಡಿ ಯಾರಿಗರೆ ಕೊಟ್ಟಿದ್ದಿ ಏನು?" ಎಂದು ಆಸಿಫ ಕೇಳಿದ.

"ಕಾಗವಾಡದ ಭಾವುಸಾಹೇಬಗ ಒಂದು ಕಟ್ಟು ಕೊಟ್ಟಿದ್ದೆ. ಚಲೋ ಅದಾವ ಅಂತಿದ್ದ."

ಆಸಿಫ ಅಲ್ಲಿಂದಲೇ ಬೈಕು ತಿರುಗಿಸಿದ. ಕಾಗವಾಡದವರೆಗೂ ಅವನ ಎದೆಯಲ್ಲಿ ಒಂದು ಆಸೆ ಉಸಿರಾಡುತ್ತಿತ್ತು. ಭಾವುಸಾಹೇಬ ವಯಸ್ಸಾದ ರೈತ. ವಿಷಯ ಕೇಳಿ ತಲೆ ತಗ್ಗಿಸಿಯೇ ಹೇಳಿದ.

"ಅವು ಮೊದಲನೇ ಬ್ಯಾಸಗಿಗೇ ಒಣಗಿದ್ವು ತಮ್ಮಾ. ಸಿದ್ದಲಿಂಗ ಅಷ್ಟು ಜೀವ ಇಟ್ಟು ಕೊಟ್ಟಿದ್ದ. ಹೆಂಗ ಹೇಳಲಿ? ಕೇಳಿದಾಗೆಲ್ಲ ಚಲೋ ಅದಾವ ಅಂದ್ಕೋತ ಬಂದೆ."

ತಿರುಗಿ ಬರುವಾಗ ಆಸಿಫ ದಾರಿಬದಿಯ ಕಬ್ಬಿನ ಹೊಲದ ಬದುವಿನ ಮೇಲೆ ಕುಳಿತು ಅತ್ತ. ತೋಟ ಮುಟ್ಟಿದಾಗ ಸಿದ್ದಲಿಂಗ ಅವನ ಮುಖ ನೋಡಿಯೇ ತಿಳಿದುಕೊಂಡ. "ಕೈಕಾಲು ತೊಳಕೋ, ಊಟ ಮಾಡೋಣು," ಎಂದ.

ಆಮೇಲೆ ಆಸಿಫ ಪ್ರೋಗ್ರಾಂ ಬುಡದಿಂದಲೇ ಬದಲಿಸಿದ. ಇದು ಚುಕ್ಕಿಯ ನಾಡಿನ ಅಂಕಿಯೋ ಅಲ್ಪವಿರಾಮದ ನಾಡಿನದೋ ಎಂದು ಮೊದಲೇ ಹೇಳದಿದ್ದರೆ ಅದು ಓದುವುದಿಲ್ಲ. ಅನುಮಾನ ಬಂದರೆ ಊಹಿಸುವುದಿಲ್ಲ, ಪಂಪು ನಿಲ್ಲಿಸಿ ಮನುಷ್ಯನನ್ನು ಕರೆಯುತ್ತದೆ. ರಾಯಬಾಗ, ಚಿಕ್ಕೋಡಿ ಎನ್ನದೆ ತನ್ನ ಪ್ರೋಗ್ರಾಂ ಇದ್ದ ತೋಟಗಳಿಗೆಲ್ಲ ತಾನೇ ಹೋಗಿ ಹಾಕಿ ಬಂದ. ತೆಲಸಂಗದಲ್ಲಿ ಮಾತ್ರ ಹಾಕಲೋ ಬೇಡವೋ ಎನ್ನುತ್ತ ಪಂಪಿನ ಮುಂದೆ ನಿಂತ.

"ಹಾಕು," ಎಂದ ಸಿದ್ದಲಿಂಗ. "ಉಳದ ಗಿಡಕ್ಕ ನೀರು ಬೇಕಲ್ಲ."

ಸತ್ತ ಸಾಲನ್ನು ಇಬ್ಬರೂ ಕೂಡಿ ಕಿತ್ತರು. ಅಲ್ಲಿ ಈಗ ಗೋವಿನಜೋಳ ಬೆಳೆಯುತ್ತದೆ. ಆಸಿಫ ಹೋದಾಗಲೆಲ್ಲ ರಾಜೇಶ್ವರಿ ಚಹಾ ಕೊಡುತ್ತಾಳೆ, ಮನೆಮಾತು ನಡೆಯುತ್ತದೆ. ಹೊಸ ತಳಿಯ ಸುದ್ದಿ ಯಾರಾದರೂ ತೆಗೆದರೆ ಮಾತ್ರ ಸಿದ್ದಲಿಂಗ ಚಹಾದ ಕಪ್ ಕೆಳಗಿಟ್ಟು, ಮೋಟಾರು ನೋಡಿ ಬರುತ್ತೇನೆಂದು ಎದ್ದು ಹೋಗುತ್ತಾನೆ.