ತಟ್ಟುವ ಕೈ

ಬೀಗದ ಮಾವನಿಗೆ ಮಾತು ಬಾಯಿಗೆ ಬರುವ ಮೊದಲು ತೊಡೆಗೆ ಬರುತ್ತಿತ್ತು. ಬಲಗೈಯ ಬೆರಳುಗಳನ್ನು ಒಟ್ಟು ಮಾಡಿ ತೊಡೆಯ ಮೇಲೆ ತಟ್ಟುತ್ತ, ಕಣ್ಣನ್ನು ಎದುರಿನ ಗೋಡೆಯಲ್ಲಿ ನೆಟ್ಟು, ಗಂಟಲಲ್ಲಿ ಸಿಕ್ಕಿಕೊಂಡ ಪದವನ್ನು ಅವನು ಎಬ್ಬಿಸಿ ತರಬೇಕಿತ್ತು. ಪದ ಬಂದೇ ಬರುತ್ತಿತ್ತು, ಬಾರದೆ ಎಲ್ಲಿ ಹೋಗುತ್ತದೆ? ಆದರೆ ಅಲ್ಲಿಯವರೆಗೆ ಕಾಯುವ ತಾಳ್ಮೆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅವನು "ನೀ..." ಎನ್ನುವಷ್ಟರಲ್ಲಿ ಅವನ ಅಕ್ಕ ನೀರಿನ ಲೋಟ ತಂದು ಮುಂದಿಡುತ್ತಿದ್ದಳು. ಮಾವ ಲೋಟವನ್ನು ಒಂದು ಸಲ ನೋಡಿ, ಗಟಗಟ ಕುಡಿದುಬಿಡುತ್ತಿದ್ದ. "ನೀನೂ ಕೂತ್ಕೋ" ಎನ್ನುವುದು ಅವನ ಮನಸ್ಸಿನಲ್ಲಿತ್ತೋ ಏನೋ. ಮತ್ತೆ ಮೊದಲಿಂದ ಶುರು ಮಾಡುವುದಕ್ಕಿಂತ ನೀರು ಕುಡಿಯುವುದೇ ಸುಲಭ.

ಅವನ ಪದ ಹಿಡಿಯುವುದರಲ್ಲಿ ಎಲ್ಲರಿಗಿಂತ ಚುರುಕು ಅಕ್ಕನ ಮಗಳು. ಅಪ್ಪನಿಲ್ಲದ ಹುಡುಗಿ, ಅಮ್ಮ ಕೆಲಸದಿಂದ ಬರುವತನಕ ಮಾವನ ಅಂಗಡಿಯಲ್ಲೇ ಇರುತ್ತಿದ್ದಳು. ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಅಂಗಡಿ. ಮೇಲಿಂದ ಕೆಳಗಿನವರೆಗೆ ಬೀಗದ ಕೈಗಳ ಗೊಂಚಲು, ಮೂಲೆಯಲ್ಲಿ ಕೀಲಿ ಕೊರೆಯುವ ಯಂತ್ರ, ಅದರ ಸುತ್ತ ಹಿತ್ತಾಳೆಯ ಪುಡಿ. ಗಿರಾಕಿ ಬಂದು "ಇದಕ್ಕೆ ಇನ್ನೊಂದು ಕೀಲಿ ಯಾವಾಗ ಆಗುತ್ತೆ?" ಎಂದರೆ ಮಾವ ತೊಡೆ ಮುಟ್ಟುವ ಮೊದಲೇ ಇವಳು "ನಾಳೆ ಬನ್ನಿ" ಎನ್ನುತ್ತಿದ್ದಳು. ಪಕ್ಕದ ಅಂಗಡಿಯವರು ಅವಳನ್ನು 'ಬೀಗದವನ ನಾಲಿಗೆ' ಎಂದು ಕರೆಯುತ್ತಿದ್ದರು. ಮುರಿದ ಬೀಗಗಳ ಸ್ಪ್ರಿಂಗು ಕಿತ್ತು, ಮೇಜಿನ ಮೇಲೆ ತಾನೇ ಕುಪ್ಪಳಿಸುವ ಕಪ್ಪೆ ಮಾಡಿದ ದಿನದಿಂದ ಮನೆಯಲ್ಲಿ ಅವಳ ಹೆಸರು ಸ್ಪ್ರಿಂಗಿ ಎಂದಾಯಿತು.

ದೊಡ್ಡವಳಾದ ಮೇಲೆ ಅದೇ ಅವಳ ಕಸುಬಾಯಿತು. ಕೊಡೆಯ ಕಡ್ಡಿಗಳು ಉಸಿರಾಡುವಂತೆ ಅಗಲಿ ಕೂಡುವುದು, ಕುರ್ಚಿಯೊಂದು ಕೂರಲು ಹೋದವರಿಂದ ಮೆಲ್ಲಗೆ ಹಿಂದೆ ಸರಿಯುವುದು, ಇಂಥ ಚಲಿಸುವ ಶಿಲ್ಪಗಳು. "ನನ್ನ ಮಗಳು ಮಾಡಿದ್ದನ್ನ ನಾವು ನೋಡೋಕೆ ಹೋದ್ರೆ, ಅದೇ ನಮ್ಮನ್ನ ನೋಡಿ ತಲೆ ಆಡಿಸುತ್ತೆ" ಎಂದು ಅಮ್ಮ ನೆರೆಯವರಿಗೆ ಹೇಳುತ್ತಿದ್ದಳು. ಅದು ಹೊಗಳಿಕೆಯೋ ದೂರೋ ಯಾರಿಗೂ ತಿಳಿಯುತ್ತಿರಲಿಲ್ಲ.

ಈಗ ಒಂದು ವಾರದಿಂದ ಅವಳೊಬ್ಬಳದೇ ಮೊದಲ ಪ್ರದರ್ಶನ ನಡೆಯುತ್ತಿತ್ತು. ಹಳೆಯ ಗೋದಾಮನ್ನು ಸುಣ್ಣ ಬಳಿದು ಹಾಲ್ ಮಾಡಿದ್ದರು. ಕೊನೆಯ ಕೋಣೆಯಲ್ಲಿ ಒಂದೇ ಒಂದು ಮೇಜು, ಅದರ ಮೇಲೆ ಮರದ ಕೈ. ಕೈಯ ಕೆಳಗೆ ತೊಡೆಯಷ್ಟು ದಪ್ಪದ, ಹಳೆ ಪ್ಯಾಂಟಿನ ಬಟ್ಟೆ ಸುತ್ತಿದ ದಿಮ್ಮಿ. ಕೈ ತಟ್ಟುತ್ತದೆ, ನಿಲ್ಲುತ್ತದೆ, ಮತ್ತೆ ತಟ್ಟುತ್ತದೆ. ಮೇಜಿನ ಕೆಳಗೆ ಎರಡು ಚಕ್ರ, ಒಂದೊಂದರಲ್ಲೂ ಒಂದು ಕಚ್ಚು. ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ. ಕಚ್ಚಿಗೆ ಕಚ್ಚು ಕೂಡಿದಾಗ, ಬೀಗದೊಳಗೆ ಆಗುವ ಹಾಗೆ, ಒಂದು ಕಡ್ಡಿ ಕೆಳಗೆ ಬೀಳುತ್ತದೆ. ಆಗ ಮೇಜಿನ ತುದಿಯ ಗಂಟೆ ಒಮ್ಮೆ ಹೊಡೆಯುತ್ತದೆ. ಬೇಗ ಹೊಡೆಯಬಹುದು, ನೋಡುವವರ ಕಾಲು ಸೋಲುವವರೆಗೆ ಹೊಡೆಯದೆಯೂ ಇರಬಹುದು.

ಅದನ್ನು ಮಾಡುವ ಮೊದಲು ಮಾವನನ್ನು ಕೇಳಬೇಕೆಂದು ಅವಳು ಅಂಗಡಿಗೆ ಹೋಗಿದ್ದಳು. ಸ್ಕ್ರೂ ವಿಷಯ ಮಾತಾಡಿ ವಾಪಸು ಬಂದಳು. ಮಾವ ಬೇಡವೆಂದುಬಿಟ್ಟರೆ ಎಂಬ ಭಯ ಒಂದು ಕಡೆ. ಅವನು "ಪ..." ಎಂದು ತಡವರಿಸಿದರೆ "ಪರವಾಗಿಲ್ಲ ಅಂತೀಯಲ್ವಾ" ಎಂದು ತಾನೇ ಮುಗಿಸಿಕೊಂಡು ಎದ್ದು ಬರುತ್ತೇನೆ ಎಂಬ ಭಯ ಅದಕ್ಕಿಂತ ಹೆಚ್ಚು.

ಶನಿವಾರ ಅಮ್ಮ ನೋಡಲು ಬಂದಳು. ಕೊಡೆಯ ಮುಂದೆ ನಕ್ಕಳು, ಕುರ್ಚಿಯನ್ನು ಬೈದಳು. ಕೊನೆಯ ಕೋಣೆಗೆ ಬಂದು ಮರದ ಕೈ ನೋಡಿದವಳೇ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

"ಇದು ಅವನಲ್ವೇನೇ?"

ಸ್ಪ್ರಿಂಗಿ ಮೇಜಿನ ಅಂಚಿನ ಧೂಳನ್ನು ಬೆರಳಿನಿಂದ ಒರೆಸಿದಳು.

"ಜನ್ಮವೆಲ್ಲ ಅವನು ಮುಚ್ಚಿಟ್ಕೊಂಡು ಬಂದಿದ್ದನ್ನ ತಂದು ಬೀದಿಗಿಟ್ಟಿದ್ದೀಯಲ್ಲೇ."

"ಬೀದಿಗಲ್ಲಮ್ಮ, ಹಾಲ್‌ಗೆ."

"ಬಾಯಿಗೇನೂ ಕಮ್ಮಿ ಇಲ್ಲ. ಅವನ ಪಾಲಿಂದೂ ನಿನಗೇ ಬಂದಿದೆ." ಅಮ್ಮನ ದನಿ ಇಳಿಯಿತು. "ನಾಳೆ ಅವನನ್ನ ಕರ್ಕೊಂಡು ಬರ್ತೀನಿ ಅಂತ ಹೇಳ್ಬಿಟ್ಟಿದ್ದೀನಿ. ಹೊಸ ಶರ್ಟು ಬೇರೆ ಇಸ್ತ್ರಿ ಮಾಡಿಸ್ಕೊಂಡಿದ್ದಾನೆ. ಎಲ್ಲರೆದುರು ಇದನ್ನ ನೋಡಿ ಅವನು ಹೇಗೆ ತಲೆ ಎತ್ತಬೇಕು? ಏನಾದ್ರೂ ಮಾಡು."

ಆ ರಾತ್ರಿಯೆಲ್ಲ ಅವಳು ಲೆಕ್ಕ ಹಾಕಿದಳು. ಕೈಯನ್ನು ತೆಗೆದರೆ ಕೋಣೆ ಖಾಲಿ, ಬಿಟ್ಟರೆ ಮಾವನಿಗೆ ನೋವು. ಭಾನುವಾರ ಬೆಳಿಗ್ಗೆ ಬಾಗಿಲು ತೆಗೆಯುತ್ತಿದ್ದಂತೆ ಬಂದು, ಮೇಜಿನ ಕೆಳಗೆ ತೂರಿ, ಎರಡನೆಯ ಚಕ್ರವನ್ನು ಬಿಚ್ಚಿ, ಕಡ್ಡಿಯನ್ನು ನೇರವಾಗಿ ಕೈಗೇ ಕಟ್ಟಿದಳು. ಚಕ್ರವನ್ನು ಕರವಸ್ತ್ರದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡಳು. ಈಗ ಕೈ ಒಮ್ಮೆ ತಟ್ಟಿದರೆ ಗಂಟೆ ಒಮ್ಮೆ ಹೊಡೆಯುತ್ತಿತ್ತು. ತಟ್ಟು, ಟಿಣ್. ತಟ್ಟು, ಟಿಣ್. ತಡವರಿಕೆಯೇ ಇಲ್ಲದ ಈ ಕೈಯಲ್ಲಿ ಮಾವನನ್ನು ಯಾರೂ ಗುರುತು ಹಿಡಿಯಲಾರರು ಎಂದುಕೊಂಡಳು.

ಬಾಗಿಲ ಕಾವಲಿನವನು ಇಣುಕಿದ. "ಮೇಡಂ, ಇದಕ್ಕೇನಾಯ್ತು? ಟೈಂಪೀಸ್ ಥರ ಆಗೋಯ್ತಲ್ಲ."

"ಸ್ವಲ್ಪ ಸರಿ ಮಾಡಿದೆ" ಎಂದಳು.

"ಓ, ಇದು ಸರಿ ಮಾಡಿದ್ದಾ?" ಎಂದು ಅವನು ಹೋದ.

ಹೊತ್ತೇರುವಷ್ಟರಲ್ಲಿ ಅಮ್ಮ ತಮ್ಮನನ್ನು ಕರೆದುಕೊಂಡು ಬಂದಳು. ಮಾವನ ಶರ್ಟಿನ ಇಸ್ತ್ರಿಯ ಗೆರೆ ಚಾಕುವಿನ ಹಾಗೆ ನಿಂತಿತ್ತು. ಕಾವಲಿನವನು ಅವನನ್ನು ಕಂಡದ್ದೇ ಎದ್ದು ನಿಂತ. "ಬನ್ನಿ ಸಾರ್. ಇವತ್ತು ಮನೆಯವ್ರನ್ನೂ ಕರ್ಕೊಂಡು ಬಂದ್ರಾ?"

ಅಮ್ಮ ತಮ್ಮನ ಮುಖ ನೋಡಿದಳು. "ಇವತ್ತು ಅಂದ್ರೆ? ನೀನು ಮೊದಲೇ ಬಂದಿದ್ಯೇನೋ?"

ಮಾವ ಕೊಡೆಯನ್ನೂ ಕುರ್ಚಿಯನ್ನೂ ದಾಟಿ, ದಾರಿ ಗೊತ್ತಿರುವವನಂತೆ ಕೊನೆಯ ಕೋಣೆಗೆ ನಡೆದ. ಮೇಜಿನ ಮುಂದೆ ಕೈಕಟ್ಟಿ ನಿಂತ. ತಟ್ಟು, ಟಿಣ್. ತಟ್ಟು, ಟಿಣ್. ಅವನ ಹುಬ್ಬು ಗಂಟಾಯಿತು. ಬಗ್ಗಿ ಮೇಜಿನ ಕೆಳಗೆ ನೋಡಿ, ಮಂಡಿ ಹಿಡಿದುಕೊಂಡು ಎದ್ದ.

ಕೋಪ ಬಂದಾಗ ಮಾತ್ರ ಮಾವನ ಮಾತು ಎಲ್ಲೂ ಸಿಕ್ಕಿಕೊಳ್ಳುತ್ತಿರಲಿಲ್ಲ. ಅದು ವರ್ಷಕ್ಕೊಮ್ಮೆ ಬಂದರೆ ಹೆಚ್ಚು.

"ಯಾರು ಇದನ್ನ ಕೆಡಿಸಿದ್ದು?"

"ನಾನೇ ಮಾವ. ನೀನು ಬರ್ತೀಯ ಅಂತ..."

"ನಾನು ಬರ್ತೀನಿ ಅಂತ ಕೆಡಿಸಿದ್ಯಾ?"

ಅಮ್ಮ ನಡುವೆ ಬಂದಳು. "ಅವಳದೇನೂ ತಪ್ಪಿಲ್ಲ ಕಣೋ, ನಾನೇ ಹೇಳಿದ್ದು. ನಿನಗೆ ಬೇಜಾರಾಗುತ್ತೆ ಅಂತ."

"ಆಯ್ತು" ಎಂದ ಮಾವ. "ಮೊದಲ ದಿನ ನೋಡಿದಾಗ ಬೇಜಾರಾಯ್ತು. ಕೇಳದೆ ತಗೊಂಡಿದ್ದಾಳಲ್ಲ ಅಂತ. ಹೊರಟೇ ಹೋಗ್ತಿದ್ದೆ." ಕೋಪ ಇಳಿಯುತ್ತಿದ್ದಂತೆ ಅವನ ಕೈ ತೊಡೆಗೆ ಹೋಯಿತು, ಮಾತು ಕುಂಟಿತು. "ಅಷ್ಟರಲ್ಲಿ ಒಬ್ಬ ಹೆಂಗಸು ಬಂದ್ರು. ಬ್ಯಾಗು ಕೆಳಗಿಟ್ರು. ಕಾ... ಕಾದ್ರು. ಫೋನು ಬಂತು, ಎತ್ತಲಿಲ್ಲ. ಕೈ ತಟ್ತಾನೇ ಇತ್ತು, ಅವರು ನಿಂತೇ ಇದ್ರು." ಮರದ ಕೈಯನ್ನೊಮ್ಮೆ ನೋಡಿದ. "ಆಮೇಲೆ ಇವಳಿಲ್ಲದ ಹೊತ್ತಲ್ಲಿ ದಿನಾ ಬಂದೆ. ಅದನ್ನಲ್ಲ, ಜನಾನ ನೋಡೋಕೆ."

ಸ್ಪ್ರಿಂಗಿಗೆ ತಾನು ಬೆಳಿಗ್ಗೆ ಮೇಜಿನ ಕೆಳಗೆ ಏನು ಮಾಡಿದೆನೆಂದು ಆಗ ಹೊಳೆಯಿತು. ಅಂಗಡಿಯ ಕಟ್ಟೆಯ ಮೇಲೆ ಕೂತು ಇಷ್ಟು ವರ್ಷ ಮಾಡಿದ್ದನ್ನೇ ಮಾಡಿದ್ದಳು. ಅವಳು ಬ್ಯಾಗಿನಿಂದ ಕರವಸ್ತ್ರದ ಗಂಟು ತೆಗೆದು, ನೆಲದ ಮೇಲೆ ಕೂತು, ಚಕ್ರವನ್ನು ಅದರ ಜಾಗಕ್ಕೆ ಸೇರಿಸಿದಳು. ಮಾವ ಮೊಬೈಲಿನ ಟಾರ್ಚು ಹಿಡಿದ. ಅಮ್ಮ "ಬಟ್ಟೆಯೆಲ್ಲ ಧೂಳು" ಎಂದು ಗೊಣಗುತ್ತ ಇಬ್ಬರ ಮೇಲೂ ಕಣ್ಣಿಟ್ಟಳು.

ಕೈ ಮತ್ತೆ ಶುರುವಾಯಿತು. ತಟ್ಟಿತು, ನಿಂತಿತು, ತಟ್ಟಿತು.

ಅವಳು ಎದ್ದು ಮಾವನ ಎದುರು ನಿಂತಳು. "ಆವತ್ತೇ ಕೇಳಬೇಕಿತ್ತು. ಈಗ ಕೇಳ್ತೀನಿ. ಇದು ನಿನ್ನ ಕೈ. ಇದನ್ನ ಇಲ್ಲಿ ಇಡಬಹುದಾ, ಬೇಡ್ವಾ?"

ಮಾವ ಬಾಯಿ ತೆರೆದ. "ಪ..."

ತೊಡೆಯ ಮೇಲೆ ಬೆರಳು ಬಿತ್ತು. ಕಣ್ಣು ಗೋಡೆಗೆ ಹೋಯಿತು. ಸ್ಪ್ರಿಂಗಿಯ ನಾಲಿಗೆಯ ತುದಿಗೆ 'ಪರವಾಗಿಲ್ಲ' ಬಂದು ನಿಂತಿತು, ಹಲ್ಲು ಕಚ್ಚಿ ಅದನ್ನು ಹಿಡಿದಳು. ಪಕ್ಕದಲ್ಲಿ ಅಮ್ಮನ ತುಟಿ ಬಿರಿಯುವುದು ಕಂಡಿತು, ಅಮ್ಮನ ಮುಂಗೈಯನ್ನು ಒತ್ತಿದಳು. ಅಮ್ಮ ಮಾತನ್ನು ಒಳಗೇ ನುಂಗಿದಳು. ಹಿಂದಿನಿಂದ ಯಾರೋ ಗಂಡ ಹೆಂಡತಿ ಒಳಗೆ ಬಂದು, ಇದೂ ಪ್ರದರ್ಶನದ್ದೇ ಇರಬೇಕೆಂದುಕೊಂಡು, ಮಾತು ನಿಲ್ಲಿಸಿ ನಿಂತರು. ಮರದ ಕೈ ಒಂದು ಕಡೆ, ಮಾವನ ಕೈ ಒಂದು ಕಡೆ ತಟ್ಟುತ್ತಿದ್ದವು. ಗಂಟೆಯೇ ಮೊದಲು ಹೊಡೆಯಿತು. ಮಾವ ಅದರ ಕಡೆ ನೋಡಿ, ಸೋತೆ ಎನ್ನುವಂತೆ ಮೀಸೆಯೊಳಗೇ ನಕ್ಕ. ಯಾರೂ ಅಲುಗಲಿಲ್ಲ.

"ಪ... ಪಕ್ಕದಲ್ಲಿ ಒಂದು ಕುರ್ಚಿ ಹಾಕ್ಸು" ಎಂದ. "ಕಾಯೋರಿಗೆ ಕಾಲು ನೋಯುತ್ತೆ. ನಿನ್ನ ಆ ಓಡಿಹೋಗೋ ಕುರ್ಚಿ ಅಲ್ಲ. ಕೂರೋದು."

ಸ್ಪ್ರಿಂಗಿ ಕಾವಲಿನವನ ಕುರ್ಚಿ ಕೇಳಲು ಬಾಗಿಲ ಕಡೆ ಹೋದಳು.