ವರನ ಸಹಿಯ ಜಾಗ

ಹಳೆಯ ಚರ್ಚಿನ ದಫ್ತರ ನೋಡಿಕೊಳ್ಳುತ್ತಿದ್ದ ಮುದುಕಿಗೆ ಊರಿಟ್ಟ ಹೆಸರು ಕೀಲಿಕೈಯಮ್ಮ. ಬೇರು ಹುಡುಕಿಕೊಂಡು ಬರುವವರನ್ನು ಕಂಡರೆ ಆಕೆಗೆ ಅಷ್ಟಕ್ಕಷ್ಟೆ. ಎಂದೋ ಹಡಗು ಹತ್ತಿ ಹೋಗಿ ಪರದೇಶದಲ್ಲಿ ನೆಲೆ ನಿಂತವರ ಮರಿಮಕ್ಕಳು ಅವರು. ಮುತ್ತಾತ ಜಮೀನ್ದಾರನೆಂದು ನಂಬಿ ಬರುತ್ತಾರೆ. ಪುಸ್ತಕದಲ್ಲಿ ಹಂದಿ ಕಾಯುವವನೆಂದು ಬರೆದಿದ್ದರೆ ಮುಖ ಹುಳ್ಳಗೆ ಮಾಡಿಕೊಂಡು ಹೋಗುತ್ತಾರೆ. ಆದರೂ ಮೂವತ್ತು ವರ್ಷದಿಂದ ಆಕೆ ಆ ಕುರ್ಚಿ ಬಿಟ್ಟಿರಲಿಲ್ಲ. ಒಂದು ಮನೆತನದವರು ಬಂದೇ ಬರುತ್ತಾರೆ, ಬಂದ ದಿನ ಚೆನ್ನಾಗಿ ನೀರಿಳಿಸುತ್ತೇನೆ ಎಂದು ಸಾಯುತ್ತಿದ್ದ ತಾಯಿಗೆ ಮಾತು ಕೊಟ್ಟಿದ್ದಳು.

ಕೊನೆಗೂ ಆ ಮನೆತನದವನೊಬ್ಬ ಬಂದ. ಕತ್ತರಿ ಕೆಳಗಿಟ್ಟು ವರ್ಷವಾಗಿದ್ದ ಮುದಿ ಕ್ಷೌರಿಕ.

"ಮುತ್ತಾತನ ಜ್ಞಾನಸ್ನಾನದ ದಾಖಲೆ ಬೇಕಿತ್ತಮ್ಮ," ಎಂದು ಚೀಟಿ ಮುಂದೆ ಹಿಡಿದ. "ಮೊಮ್ಮಗಳು ವಂಶವೃಕ್ಷ ಬರೀತಿದ್ದಾಳೆ. ತನ್ನ ಊರಿನ ಬಗ್ಗೆ ಆ ಪುಣ್ಯಾತ್ಮ ಬಾಯೇ ಬಿಡ್ಲಿಲ್ವಂತೆ."

ಚೀಟಿಯ ಹೆಸರು ಓದಿ ಕೀಲಿಕೈಯಮ್ಮನ ಕಿವಿ ಕೆಂಪಾಯಿತು.

"ಯಾವ ಮುಖ ಇಟ್ಕೊಂಡು ಬಾಯಿ ಬಿಡ್ತಾನೆ? ದಾಖಲೆ ಆಮೇಲೆ. ಮೊದ್ಲು ಇದನ್ನ ನೋಡಿ," ಎಂದು ಮದುವೆಯ ಪುಸ್ತಕವನ್ನು ಅವನೆದುರು ಧೊಪ್ಪನೆ ಹಾಕಿದಳು.

ಆ ಕಾಲದ ಪಾದ್ರಿಗೆ ಮದುವೆ ದಿನದ ನೂಕುನುಗ್ಗಲು ಆಗಿಬರುತ್ತಿರಲಿಲ್ಲ. ಹೆಸರುಗಳನ್ನೆಲ್ಲ ಮೊದಲೇ ಬರೆದಿಟ್ಟು, ಹಿಂದಿನ ದಿನವೇ ವಧುವನ್ನು ಕರೆಸಿ ಸಹಿ ಹಾಕಿಸಿಬಿಡುತ್ತಿದ್ದ. ವರ ಮರುದಿನ ಹಾಕಿದರಾಯಿತು. ಆ ಪುಟದಲ್ಲಿ ವಧುವಿನ ಸಹಿ ದುಂಡಗೆ ಕೂತಿತ್ತು. ವರನ ಜಾಗ ಖಾಲಿ.

"ಇವಳು ನನ್ನ ಮುತ್ತಜ್ಜಿ. ಮದುವೆ ಬಟ್ಟೆ ಉಟ್ಟು ಇದೇ ಬಾಗಿಲಲ್ಲಿ ಮಧ್ಯಾಹ್ನದ ತನಕ ನಿಂತಿದ್ಲು. ನಿಮ್ಮ ಪುಣ್ಯಾತ್ಮ ಅಷ್ಟೊತ್ತಿಗೆ ಹಡಗಲ್ಲಿದ್ದ!"

ಕ್ಷೌರಿಕ ತಬ್ಬಿಬ್ಬಾಗಿ ಜೇಬಿನಿಂದ ಪೆನ್ನು ತೆಗೆದ. "ಬೇಕಾದ್ರೆ ಅವನ ಪರವಾಗಿ ನಾನೇ ಸಹಿ ಹಾಕ್ಬಿಡ್ಲಾ?"

"ಅಯ್ಯೋ, ಕೈ ತೆಗೀರಿ! ಆಮೇಲೆ ಅವಳನ್ನ ಕಟ್ಕೊಂಡೋನು ನಮ್ಮ ಮುತ್ತಾತ, ಇಲ್ಲೇ ಗಂಟೆ ಹೊಡೀತಿದ್ದ. ನೀವೀಗ ಸಹಿ ಹಾಕಿದ್ರೆ ಅವನನ್ನ ಎಲ್ಲಿಗೆ ಕಳಿಸ್ಲಿ? ನಾನೆಲ್ಲಿಗೆ ಹೋಗ್ಲಿ?"

ಮೂವತ್ತು ವರ್ಷ ಕೂಡಿಟ್ಟಿದ್ದ ಬೈಗುಳಕ್ಕೆ ಇನ್ನೇನು ಬಾಯಿ ತೆರೆಯಬೇಕು, ಆತ ಕನ್ನಡಕ ಏರಿಸಿ ವಧುವಿನ ಸಹಿಯ ಮೇಲೆ ಬಾಗಿದ್ದ.

"ಈ ಹೆಸರು... ನಮ್ಮನೇಲಿ ದೊಡ್ಡ ಮಗಳು ಹುಟ್ಟಿದ್ರೆ ಇದೇ ಹೆಸರು ಇಡೋದು. ಮುತ್ತಾತ ಶುರು ಮಾಡಿದ್ದು. ಅಜ್ಜಿಗೆ ಇದೇ, ದೊಡ್ಡಮ್ಮನಿಗೆ ಇದೇ, ಅಕ್ಕನಿಗೆ ಇದೇ, ಈಗ ಮೊಮ್ಮಗಳಿಗೂ ಇದೇ. ಒಂದು ಸಲ ಕೂಗಿದ್ರೆ ಮೂರು ಜನ ಓಡಿ ಬರೋರು. ಯಾರೋ ಸಂತಳ ಹೆಸರು ಅಂದ್ಕೊಂಡಿದ್ವಿ."

ಕೀಲಿಕೈಯಮ್ಮನಿಗೆ ಬೈಗುಳ ಮರೆತೇಹೋಯಿತು. ಮುತ್ತಜ್ಜಿಯ ಮೇಲೆ ಆಕೆಗೆ ತಡೆಯಲಾರದಷ್ಟು ಮರುಕ ಬಂತು. ಹಾಳಾದವನು, ಅವನ ಮೇಲೂ ಚೂರು ಬಂತು.

"ಅವನ ಹೆಂಡತಿಗೆ ಇದು ಗೊತ್ತಿತ್ತಾ?"

"ಗೊತ್ತಾಗಿದ್ರೆ ಮತ್ತೊಂದು ಸಲ ಹಡಗು ಹತ್ಬೇಕಾಗ್ತಿತ್ತು."

ಕೀಲಿಕೈಯಮ್ಮ ನಕ್ಕಳು. ತಾಯಿಯ ನೆನಪಾಗಿ ನಗು ತಡೆಯಲು ನೋಡಿದಳು, ಆಗಲಿಲ್ಲ. ಕಣ್ಣೊರೆಸಿಕೊಂಡು ಬೀರು ತೆರೆದು, ಜ್ಞಾನಸ್ನಾನದ ಪುಸ್ತಕ ಹುಡುಕಿ, ನಕಲು ಬರೆದು ಮೊಹರು ಒತ್ತಿದಳು.

ಬಾಗಿಲ ತನಕ ಹೋದವನನ್ನು ಮತ್ತೆ ಕರೆದಳು.

"ಆ ಮೊಮ್ಮಗಳನ್ನ ಒಂದ್ಸಲ ಕಳಿಸಿ, ನೋಡ್ಬೇಕು. ಆದ್ರೆ ಬರ್ತೀನಿ ಅಂದ ದಿನ ಬರ್ಬೇಕು, ಹೇಳಿಬಿಡಿ."