ಎದೆಯ ಉರಿಗೆ ಸೂಜಿ ಮದ್ದಲ್ಲ

ಪಿಲ್ಸುನ್‌ಗೆ ಮತ್ತೆ ಎದೆ ಹಿಡಿದುಕೊಂಡಿತು. ತಿಂದದ್ದು ನಾಲ್ಕೇ ತುತ್ತು ಅನ್ನ, ಎರಡು ಹೋಳು ಮೂಲಂಗಿ ಕಿಮ್ಚಿ ಉಪ್ಪಿನಕಾಯಿ. ಆದರೂ ಎದೆಯ ನಡುವೆ ಮುಷ್ಟಿಗಾತ್ರದ ಗಂಟು ಕೂತಂತಾಗಿ, ಉರಿ ಮೇಲೆದ್ದು ಕತ್ತಿನವರೆಗೆ ಬಂತು. ಇದಕ್ಕೆ ಆ ಊರಿನ ಎಲ್ಲರಿಗೂ ಗೊತ್ತಿರುವ ಮದ್ದು ಒಂದೇ. ಪಕ್ಕದ ಮನೆಯ ಬೊಕ್ದನ್ ಸೂಜಿ ದಾರ ಹಿಡಿದು ಓಡಿ ಬಂದಳು. ತೋಳನ್ನು ಮೇಲಿನಿಂದ ಕೆಳಕ್ಕೆ ನೀವಿ, ಹೆಬ್ಬೆರಳಿಗೆ ದಾರ ಬಿಗಿದು, ಉಗುರಿನ ಬುಡಕ್ಕೆ ಚುಚ್ಚಿದಳು. ಕಪ್ಪಗೆ ಒಂದು ಹನಿ ರಕ್ತ ಬಂತು.

"ಅಬ್ಬಬ್ಬಾ, ಎಷ್ಟು ಕಪ್ಪು ನೋಡೇ! ನಮ್ಮನ್ನೆಲ್ಲ ಬಿಟ್ಟು ಒಬ್ಬಳೇ ಹಂದಿಮಾಂಸ ಹೊಡೆದ್ಯಾ ಹೆಂಗೆ?"

"ಏನಿಲ್ಲ ಕಣೇ. ಅಜೀರ್ಣ ಅಷ್ಟೆ," ಎಂದಳು ಪಿಲ್ಸುನ್. ಅವಳ ಮುಖದಲ್ಲಿ ನೋವೂ ಇಲ್ಲ, ನಗುವೂ ಇಲ್ಲ.

ಆ ಮುಖ ಊರಿಗೆಲ್ಲ ಹೆಸರುವಾಸಿ. ಹಾಸಿಗೆ ಹಿಡಿದ ಅತ್ತೆಯನ್ನು ಹನ್ನೊಂದು ವರ್ಷ ನೋಡಿಕೊಂಡ ಪಿಲ್ಸುನ್‌ಗೆ ಉತ್ತಮ ಸೊಸೆ ಎಂಬ ಪ್ರಶಸ್ತಿ ಪತ್ರವೂ ಸಿಕ್ಕಿತ್ತು. ಅತ್ತೆಯ ಕೈಯಲ್ಲಿ ಏನೆಲ್ಲ ಅನ್ನಿಸಿಕೊಂಡರೂ ಒಂದು ದಿನ ಮುಖ ಸಿಂಡರಿಸಲಿಲ್ಲ ಎಂದು ಅವತ್ತು ಮೈಕಿನಲ್ಲಿ ಹೊಗಳಿದ್ದೇ ಹೊಗಳಿದ್ದು. ಜನ ಚಪ್ಪಾಳೆ ತಟ್ಟಿದರು. ಮುಖ ಸಿಂಡರಿಸದವಳ ಒಳಗೆ ಏನಿದೆ ಎಂದು ಕೇಳಿದ ಪುಣ್ಯಾತ್ಮರು ಒಬ್ಬರೂ ಇರಲಿಲ್ಲ. ಅತ್ತೆ ತೀರಿಕೊಂಡು ಮೂರು ವರ್ಷವಾಗಿತ್ತು. ಎದೆಯ ಉರಿ ಶುರುವಾಗಿಯೂ ಹೆಚ್ಚುಕಡಿಮೆ ಅಷ್ಟೇ ಆಗಿತ್ತು.

ಈಗ ಮಗಳು ಉನ್ಸಿಲ್ ಬಾಣಂತನಕ್ಕೆ ದೇಗು ಪಟ್ಟಣದಿಂದ ತವರಿಗೆ ಬಂದಿದ್ದಳು. ಹೆಣ್ಣುಕೂಸು, ಹದಿನೆಂಟು ದಿನ. ಪಿಲ್ಸುನ್ ದಿನಕ್ಕೆ ನಾಲ್ಕು ಸಲ ಕಡಲಪಾಚಿ ಹಾಕಿ ಬಾಣಂತಿ ಸಾರು ಕುದಿಸುತ್ತಿದ್ದಳು. ಸಾರು ಕುದಿ ಬಂದಾಗೆಲ್ಲ ಅವಳ ಎದೆಯ ಗಂಟೂ ಮೇಲೇಳುತ್ತಿತ್ತು. ಯಾಕೆಂದು ಅವಳು ಯೋಚಿಸಲಿಲ್ಲ. ಅಜೀರ್ಣ ಅಂದರೆ ಅಜೀರ್ಣ.

ಅವತ್ತು ಸಾರಿನ ಬಟ್ಟಲು ಹಿಡಿದು ಕೋಣೆಯ ಬಾಗಿಲಿಗೆ ಬಂದಾಗ ಉನ್ಸಿಲ್ ಗಂಡನೊಡನೆ ಫೋನಿನಲ್ಲಿ ಮಾತಾಡುತ್ತಿದ್ದಳು. "ನಾಳೆ ಬೆಳಿಗ್ಗೆನೇ ಕಾರು ತಗೊಂಡು ಬನ್ನಿ. ನಾನಿಲ್ಲಿ ಇರಲ್ಲ."

ಪಿಲ್ಸುನ್‌ಗೆ ದಿಕ್ಕು ತೋಚದಂತಾಯಿತು. "ಯಾಕೇ? ಇಪ್ಪತ್ತೊಂದು ದಿನಾನೂ ಆಗಿಲ್ಲ. ಕೂಸಿಗೆ ಗಾಳಿ ತಾಗಿದ್ರೆ?"

"ಇದ್ದು ಏನು ಮಾಡ್ಲಿ? ಹೆಣ್ಣು ಹುಟ್ಟಿತು ಅಂತ ನಿನಗೆ ಬೇಜಾರು."

"ಹಾಗೇನಿಲ್ಲ."

"ಬಾಯಲ್ಲಿ ಹೇಳಲ್ಲಮ್ಮ ನೀನು, ಮುಖ ಹೇಳುತ್ತೆ! ಕೂಸನ್ನ ಎತ್ತಿಕೊಂಡಾಗ ನಿನ್ನ ಮುಖ ಹಲಗೆ ಥರ ಇರುತ್ತೆ. ಒಂದು ಸಲ ನಕ್ಕಿದ್ದೀಯಾ? ನಾನು ಹುಟ್ಟಿದಾಗಲೂ ಹೀಗೇ ಇದ್ದೆ ಅಲ್ವಾ?"

ಪಿಲ್ಸುನ್‌ಗೆ ಮಗಳು ಹೀಗೇ ಹೋಗಿಬಿಟ್ಟರೆ ಮತ್ತೆ ಈ ಹೊಸಿಲು ತುಳಿಯುವುದಿಲ್ಲ ಎಂದು ಭಯವಾಯಿತು. ಆ ಭಯವೂ ಮುಖಕ್ಕೆ ಬರಲಿಲ್ಲ.

ಅಷ್ಟರಲ್ಲಿ ಊರಿನ ಆರೋಗ್ಯ ಕೇಂದ್ರದ ನರ್ಸ್ ನಾನ್‌ಹಿ ಕೂಸಿನ ತೂಕ ನೋಡಲು ಬಂದಳು. ತೂಕ ಚೆನ್ನಾಗಿತ್ತು. ಕೂಸನ್ನು ಪಿಲ್ಸುನ್‌ಳ ಕೈಗೆ ಕೊಡುವಾಗ ಅವಳ ಕಣ್ಣು ಆ ಬೆರಳುಗಳ ಮೇಲೆ ಬಿತ್ತು. ಹತ್ತೂ ಬೆರಳಿನ ಉಗುರಿನ ಬುಡದಲ್ಲಿ ಚುಚ್ಚಿದ ಗಾಯ.

"ಇದೇನು ದೊಡ್ಡಮ್ಮ? ಬೆರಳೋ ಜರಡಿಯೋ?"

"ಅಜೀರ್ಣ ಕಣಮ್ಮ. ಎದೆ ಉರಿಯುತ್ತೆ, ನಿದ್ದೆ ಬರಲ್ಲ, ಉಸಿರು ಸಿಕ್ಕಿಕೊಂಡ ಹಾಗಾಗುತ್ತೆ."

"ಹೃದಯ ತೋರಿಸಿದ್ರಾ? ಮೊದಲು ಅದು ಗೊತ್ತಾಗ್ಬೇಕು."

"ಹೃದಯ, ಹೊಟ್ಟೆ ಎರಡೂ ತೋರಿಸ್ದೆ. ಕೊಳವೆ ಇಳಿಸಿ ನೋಡಿದ್ರು. ಏನೂ ಇಲ್ಲ ಅಂದ್ರು."

"ಹಾಗಾದ್ರೆ ಇದು ಹ್ವಾಬ್ಯೊಂಗ್ ಇರಬಹುದು ದೊಡ್ಡಮ್ಮ. ನುಂಗಿಕೊಂಡ ಸಿಟ್ಟಿನ ಕಾಯಿಲೆ. ನಮ್ಮೂರ ಹೆಂಗಸರಲ್ಲಿ ಬೇಕಾದಷ್ಟು ಜನಕ್ಕಿದೆ."

ಜಗಲಿಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದ ಪಿಲ್ಸುನ್‌ಳ ಗಂಡ ಸಂಗ್ಬೇ ಅಲ್ಲಿಂದಲೇ ನಕ್ಕ. "ಸಿಟ್ಟಾ? ಇವಳಿಗಾ? ಮದುವೆಯಾದ ಮೇಲೆ ಒಂದು ದಿನ ಸಿಟ್ಟು ಮಾಡಿಕೊಂಡಿಲ್ಲ. ಮುಖ ನೋಡಿ, ಬುದ್ಧನ ವಿಗ್ರಹ!"

"ಅದೇ ಕಾಯಿಲೆ ದೊಡ್ಡಪ್ಪ," ಎಂದಳು ನಾನ್‌ಹಿ. "ಸಿಟ್ಟು ಬಂದ್ರೆ ಹುಬ್ಬು ಗಂಟಿಕ್ಕಬೇಕು, ದುಃಖ ಬಂದ್ರೆ ತುಟಿ ನಡುಗಬೇಕು. ವರ್ಷಗಟ್ಟಲೆ ತಡೆದು ತಡೆದು ಮುಖ ಬಿಗಿ ಹಿಡಿದ್ರೆ, ಆಮೇಲೆ ಖುಷಿ ಬಂದಾಗಲೂ ಅದು ಅಲ್ಲಾಡಲ್ಲ. ನಗಬೇಕು ಅಂದ್ರೂ ನಗೋಕಾಗಲ್ಲ."

ಉನ್ಸಿಲ್ ತಲೆ ಎತ್ತಿ ಅಮ್ಮನನ್ನು ನೋಡಿದಳು.

"ದೊಡ್ಡಮ್ಮ, ಹಲ್ಲು ಕಚ್ಚಿಕೊಂಡಿದ್ದೀರ, ಸ್ವಲ್ಪ ಸಡಿಲ ಬಿಡಿ. ಉಸಿರು ಬಾಯಲ್ಲಿ ಬಿಡಿ, ಸದ್ದಾದ್ರೂ ಆಗ್ಲಿ. ಈ ಉರಿ ಯಾವಾಗ ಜಾಸ್ತಿ?"

"ಸಾರು ಕುದಿಯೋವಾಗ."

"ಆಗ ಏನು ನೆನಪಾಗುತ್ತೆ?"

ಪಿಲ್ಸುನ್ ಕೂಸನ್ನು ಹಾಸಿಗೆಯಲ್ಲಿ ಮಲಗಿಸಿದಳು. "ನಾಯಿ," ಎಂದಳು.

"ಯಾವ ನಾಯಿನಮ್ಮ?" ಎಂದಳು ಉನ್ಸಿಲ್.

"ನೀನು ಹುಟ್ಟಿದ ದಿನ ಅತ್ತೆ ದೊಡ್ಡ ಪಾತ್ರೇಲಿ ಸಾರು ಮಾಡಿಟ್ಟಿದ್ರು. ಹೆಣ್ಣು ಅಂತ ಗೊತ್ತಾಯ್ತು. ಪಾತ್ರೆ ಎತ್ತಿಕೊಂಡು ಹೋಗಿ ಅಂಗಳದ ನಾಯಿಗೆ ಸುರಿದ್ರು. ಅದು ಲೊಚಲೊಚ ನೆಕ್ಕೋದು ಕೇಳ್ತಾ ಮಲಗಿದ್ದೆ. ಹಸಿವಾಗಿತ್ತು ಕಣೇ. ತುಂಬ ಹಸಿವಾಗಿತ್ತು. ನಿನ್ನ ತಮ್ಮ ಹುಟ್ಟಿದಾಗ ಅದೇ ಅತ್ತೆ ತಿಂಗಳು ಪೂರ್ತಿ ಸಾರು ತಿನ್ನಿಸಿದ್ರು. ಒಂದೊಂದು ತುತ್ತೂ ಗಂಟಲಲ್ಲೇ ನಿಂತಿತ್ತು."

ಸಂಗ್ಬೇ ಬೆಳ್ಳುಳ್ಳಿ ಬಿಟ್ಟು ಬಾಗಿಲಿಗೆ ಬಂದಿದ್ದ. "ಸತ್ತವರ ಮಾತು ಈಗ್ಯಾಕೆ," ಎಂದು ಶುರು ಮಾಡಿದವನು ಮಗಳ ಮುಖ ನೋಡಿ ನಿಲ್ಲಿಸಿದ. ಆಮೇಲೆ ತಗ್ಗಿದ ದನಿಯಲ್ಲಿ, "ನಾನು ನೋಡಿದ್ದೆ. ಕೊಟ್ಟಿಗೇಲಿ ಇದ್ದೆ," ಎಂದ.

"ಏನಂದ್ರಿ?" ಎಂದಳು ಪಿಲ್ಸುನ್.

"ನೋಡಿದ್ದೆ ಅಂದೆ. ಅವ್ವನಿಗೆ ಎದುರು ಹೇಳೋಕಾಗ್ಲಿಲ್ಲ. ಕುಡುಗೋಲು ತಗೊಂಡು ಹೊಲಕ್ಕೆ ಹೋಗ್ಬಿಟ್ಟೆ."

ಮೂವತ್ನಾಲ್ಕು ವರ್ಷ ಪಿಲ್ಸುನ್ ನಂಬಿದ್ದು ಒಂದೇ: ಇವರಿಗೆ ಗೊತ್ತಿಲ್ಲ, ಗೊತ್ತಿದ್ದರೆ ಸುಮ್ಮನಿರುತ್ತಿರಲಿಲ್ಲ. ಅವಳ ಹುಬ್ಬು ಗಂಟಿಕ್ಕಿತು. ಗಲ್ಲ ಅದುರಿತು. ಮುಖ ಕೆಂಡವಾಯಿತು.

"ನೋಡಿದ್ರಾ? ನೋಡಿಯೂ ಹೊಲಕ್ಕೆ ಹೋದ್ರಾ? ಹೆತ್ತು ಬಿದ್ದಿದ್ದೆನಲ್ರೀ! ಒಂದು ಬಟ್ಟಲು ಸಾರು ರೀ! ಬಿಸಿನೀರಾದ್ರೂ ತಂದುಕೊಡೋಕಾಗ್ಲಿಲ್ವಾ ನಿಮಗೆ? ನೀವು ಗಂಡಸಾ? ಆ ನಾಯಿಗಿಂತ ಕಡೆಯಾದ್ನಾ ನಾನು?"

ಕೂಸು ಬೆಚ್ಚಿ ಅಳತೊಡಗಿತು. ಪಿಲ್ಸುನ್ ಅದಕ್ಕಿಂತ ಜೋರಾಗಿ ಅತ್ತಳು. ಮೂಗು ಸೋರಿತು, ಬಾಯಿ ಸೊಟ್ಟಗಾಯಿತು, ಕೈಯ ಮರೆಯೂ ಇಲ್ಲದೆ ಅತ್ತಳು. ಉನ್ಸಿಲ್ ಅಮ್ಮನ ಆ ಮುಖವನ್ನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ತೆವಳಿಕೊಂಡು ಹೋಗಿ ತಬ್ಬಿಕೊಂಡಳು.

"ಹೆಣ್ಣು ಅಂತ ಬೇಜಾರಿಲ್ಲ ಕಣೇ," ಎಂದು ಪಿಲ್ಸುನ್ ಬಿಕ್ಕಿದಳು. "ನಿನಗೆ ಹೊಟ್ಟೆ ತುಂಬ ಸಾರು ಹಾಕ್ಬೇಕು ಅಂತ ಎಷ್ಟು ಆಸೆಪಟ್ಟಿದ್ದೆ ಗೊತ್ತಾ? ಹಾಕಿದ್ರೂ ಈ ಹಾಳು ಮುಖ ನಗಲ್ಲ."

ಉನ್ಸಿಲ್ ಗಂಡನಿಗೆ ಫೋನು ಮಾಡಿ ಬರಬೇಡಿ ಎಂದಳು.

ಸಂಗ್ಬೇ ಕಾಲು ಬದಲಿಸುತ್ತ ನಿಂತಿದ್ದ. "ತಪ್ಪಾಯ್ತು ಕಣೇ," ಎಂದ. ಆಮೇಲೆ ನಾನ್‌ಹಿಯ ಕಡೆ ತಿರುಗಿ, "ಈಗ ನಾನೇನು ಮಾಡ್ಬೇಕು?" ಎಂದು ಕೇಳಿದ.

"ಎದ್ದು ಹೋಗ್ಬೇಡಿ. 'ಆದದ್ದು ಆಯ್ತು, ಮರೆತುಬಿಡು' ಅನ್ಬೇಡಿ. ಅವರು ಹೇಳಿದಾಗ ಕೂತು ಕೇಳಿಸಿಕೊಳ್ಳಿ."

"ಎಷ್ಟು ದಿನ?"

"ಮೂವತ್ನಾಲ್ಕು ವರ್ಷ!" ಎಂದಳು ಪಿಲ್ಸುನ್, ಮೂಗು ಒರೆಸಿಕೊಳ್ಳುತ್ತ. ಮೊದಲು ನಕ್ಕಿದ್ದು ಉನ್ಸಿಲ್. ಆಮೇಲೆ ಎಲ್ಲರೂ ನಕ್ಕರು, ಸಂಗ್ಬೇಯೂ.

ಒಂದೇ ದಿನಕ್ಕೆ ಕಾಯಿಲೆ ಓಡಿಹೋಯಿತು ಎಂದರೆ ಸುಳ್ಳಾದೀತು. ನಾನ್‌ಹಿ ಅವಳನ್ನು ಮನಸ್ಸಿನ ಡಾಕ್ಟರ ಹತ್ತಿರ ಕಳಿಸಿದಳು. ಸಂಗ್ಬೇ ಪ್ರತಿ ಸಲವೂ ಜೊತೆಗೆ ಹೋದ. ಮಾತ್ರೆ ಕೆಲವು ತಿಂಗಳು ಬೇಕಾಯಿತು. ಮಂಗಳವಾರ ಮಂಗಳವಾರ ಆರೋಗ್ಯ ಕೇಂದ್ರದಲ್ಲಿ ಐದಾರು ಹೆಂಗಸರು ಸೇರಿ ದವಡೆ ಸಡಿಲಿಸಿ, ಉದ್ದಕ್ಕೆ ಉಸಿರು ಬಿಟ್ಟು, ಬಾಯಿಗೆ ಬಂದದ್ದು ಆಡಿದರು. ಬೊಕ್ದನ್ ತಮಾಷೆ ನೋಡಲು ಹೋದವಳು ಎರಡನೇ ವಾರವೇ ಗೊಳೋ ಎಂದು ಅತ್ತು ಬಂದಳು. ಕೂಸಿಗೆ ನೂರು ದಿನ ತುಂಬಿದಾಗ ಪಿಲ್ಸುನ್ ಅದನ್ನು ಮಡಿಲಿಗೆ ಹಾಕಿಕೊಂಡು ಕೆನ್ನೆ ತುಂಬ ನಕ್ಕಳು. ಕೂಸು ಅವಳ ಬಾಯನ್ನೇ ನೋಡಿ ನೋಡಿ, ಹಲ್ಲಿಲ್ಲದ ವಸಡು ತೋರಿಸಿ ನಕ್ಕಿತು.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಎದೆ ಉರಿದರೆ, ಉಸಿರು ಕಟ್ಟಿದರೆ ತಡಮಾಡದೆ ಹೃದಯ ತೋರಿಸಿ. ಅಲ್ಲಿ ಏನೂ ಇಲ್ಲವೆಂದರೆ ಸುಮ್ಮನಾಗಬೇಡಿ. ನಿದ್ದೆ ಬಾರದೆ, ಕಾರಣವಿಲ್ಲದೆ ನಿಟ್ಟುಸಿರು ಬರುತ್ತಿದ್ದರೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಮನಸ್ಸಿನ ಮಾತನ್ನೂ ಹೇಳಿ. ಇದಕ್ಕೆ ಚಿಕಿತ್ಸೆ ಇದೆ, ನಾಚಿಕೆ ಬೇಕಿಲ್ಲ. ಇನ್ನು ನಿಮ್ಮ ಮನೆಯಲ್ಲಿ ಯಾವತ್ತೂ ಸಿಟ್ಟಾಗದ, ಯಾವತ್ತೂ ಅಳದ ಒಬ್ಬರಿದ್ದರೆ, ಎಷ್ಟು ಒಳ್ಳೆಯವರು ಎಂದು ಹೊಗಳಿ ಕೈತೊಳೆದುಕೊಳ್ಳಬೇಡಿ. ಇವತ್ತೇ ಅವರ ಪಕ್ಕ ಕೂತು, ಹೇಗಿದ್ದೀಯ ಎಂದು ವಿಚಾರಿಸಿ. ಅವರು ನಿಮ್ಮ ಮೇಲೆ ಮುಖ ಸಿಂಡರಿಸಿದರೆ ಎದ್ದು ಹೋಗಬೇಡಿ. ಅಷ್ಟು ವರ್ಷದ ಮೇಲೆ ಅವರು ನಿಮ್ಮನ್ನು ನಂಬಿದ್ದಾರೆ ಎಂದು ಅದರ ಅರ್ಥ.